ಬಲೆಮನೆಯ ಗುಂಡಿಗಳು

ಚಳಿ ಹಿಂದೆ ಸರಿದಿತ್ತು, ಬಿಸಿಲು ಇನ್ನೂ ಬಲಿತಿರಲಿಲ್ಲ. ಕಬ್ಬು ಸೊಂಟದ ಮಟ್ಟಕ್ಕೆ ಬಂದಿತ್ತು. ಈ ಎತ್ತರಕ್ಕೆ ಬಂದ ಮೇಲೆಯೇ ಕಬ್ಬಿನೊಳಗೆ ಅಡಗಿ ಕೂತ ಕಾಡಿಗೆ ರೋಗ ಹೊರಗೆ ಮುಖ ತೋರಿಸುವುದು. ಸುಳಿಯಲ್ಲಿ ಹೊಸ ಎಲೆ ಬಿಚ್ಚುವ ಬದಲು ಅಲ್ಲಿಂದ ಉದ್ದನೆಯ ಚಾಟಿಯೊಂದು ಏಳುತ್ತದೆ. ಮೊದಲಿಗೆ ಅದರ ಮೇಲೆ ಬೆಳ್ಳಿ ಬಣ್ಣದ ತೆಳು ಪೊರೆ ಇರುತ್ತದೆ. ಪೊರೆ ಹರಿಯಿತೆಂದರೆ ಒಳಗಿರುವುದೆಲ್ಲ ಕಾಡಿಗೆಯಂಥ ಕಪ್ಪು ಪುಡಿ. ಗಾಳಿ ಒಂದು ಸುತ್ತು ತಿರುಗಿದರೆ ಸಾಕು, ಒಂದೇ ಚಾಟಿಯ ಪುಡಿ ಇಡೀ ಹೊಲಕ್ಕೆ ಹಂಚಿಹೋಗುತ್ತದೆ.

ಹಾಗಾಗಿ ಕಬ್ಬಿನ ಸಂಶೋಧನಾ ಕೇಂದ್ರದ ಹೊಲದಲ್ಲಿ ಚಾಟಿ ಕೀಳುವ ಹೆಂಗಸರು ಇಬ್ಬನಿ ಆರುವ ಮೊದಲೇ ಸಾಲಿಗೆ ಇಳಿಯುತ್ತಿದ್ದರು. ತೇವವಿದ್ದಾಗ ಪುಡಿ ಹಾರುವುದಿಲ್ಲ. ಒಬ್ಬಳು ಒದ್ದೆ ಗೋಣಿಚೀಲವನ್ನು ಚಾಟಿಯ ತಲೆಯ ಮೇಲೆ ಇಳಿಸುವಳು, ಇನ್ನೊಬ್ಬಳು ಬುಡಕ್ಕೆ ಹಾರೆ ಹಾಕಿ ಮೀಟುವಳು. ಚಾಟಿಯನ್ನಷ್ಟೇ ಮುರಿದರೆ ಸಾಲದು, ಅದೇ ಬುಡದಿಂದ ಮತ್ತೆ ಏಳುತ್ತದೆ. ಬುಡವನ್ನೇ ಬೇರುಸಮೇತ ಎತ್ತಬೇಕು. ಎತ್ತಿದ ಕಡೆ ಒಂದು ಗುಂಡಿ ಉಳಿಯುತ್ತದೆ. ಚೀಲವನ್ನು ಬದುವಿನ ಮೇಲಿನ ಡ್ರಮ್ಮಿನಲ್ಲಿ ಕುದಿಯುವ ನೀರಿಗೆ ಮುಳುಗಿಸಿ, ಬೆಂದ ಮೇಲೆ ಸೋರಲು ಇಟ್ಟು, ವಾರಕ್ಕೊಮ್ಮೆ ಎಲ್ಲವನ್ನೂ ಹೊಂಡದಲ್ಲಿ ಹೂಳುತ್ತಿದ್ದರು.

"ಮೆಲ್ಲಗೆ ಕಣೇ. ಮಲಗಿದ ಮಗೂಗೆ ಕುಲಾವಿ ಹಾಕೋ ಹಾಗೆ ಹಾಕು," ಎಂದಳು ಮೇಸ್ತ್ರಿಯಕ್ಕ.

"ನನ್ನ ಮಕ್ಕಳಿಗೇ ಇಷ್ಟು ನಾಜೂಕಾಗಿ ಹಾಕಿಲ್ಲ ಅತ್ತಿಗೆ," ಎಂದಳು ಅವಳ ನಾದಿನಿ.

"ಅದಕ್ಕೇ ಅವು ಹಾಗಿರೋದು."

ಸಾಲಿನುದ್ದಕ್ಕೂ ನಗು ಹರಿದುಹೋಯಿತು. ಎಲ್ಲರ ಮೂಗು ಬಾಯಿಗೂ ಬಿಳಿ ಬಟ್ಟೆಯ ಮುಸುಕು ಇದ್ದದ್ದರಿಂದ ನಗು ದಿಂಬಿನೊಳಗಿಂದ ಬಂದಂತೆ ಕೇಳಿಸಿತು.

ಆ ಮುಸುಕಿನ ಬಟ್ಟೆ ಪ್ರಯೋಗಾಲಯದಿಂದ ಬಂದದ್ದು. ತಂಡದ ಯಜಮಾನಿಯಾದ ಮೇಸ್ತ್ರಿಯಕ್ಕನಿಗೆ ಹಲವು ವರ್ಷಗಳಿಂದ ಕಬ್ಬು ಏಳುವ ಕಾಲದಲ್ಲಿ ಕೆಮ್ಮು ಕಾಣಿಸಿಕೊಳ್ಳುತ್ತಿತ್ತು. ಮಲಗಿದರೆ ಎದೆ ಕಟ್ಟುತ್ತಿತ್ತು. ಗೋಡೆಗೆ ಒರಗಿ ಕೂತೇ ಬೆಳಗು ಮಾಡುತ್ತಿದ್ದಳು. ಕೇಂದ್ರದಲ್ಲಿ ಯಾರನ್ನು ಕೇಳಿದರೂ ಧೂಳು ಅನ್ನುತ್ತಿದ್ದರು. ಎರಡು ವರ್ಷದ ಹಿಂದೆ ಕೆಲಸಕ್ಕೆ ಬಂದ ಹೊಸ ವಿಜ್ಞಾನಿ ಮಾತ್ರ ಬದುವಿನ ಮೇಲೆ ಅವಳ ಪಕ್ಕ ಕೂತು, ಅವಳು ಕೆಮ್ಮಿ ಮುಗಿಸುವವರೆಗೆ ಕಾದು, "ಅಕ್ಕ, ನಾಳೆ ಡಾಕ್ಟರ ಹತ್ರ ಹೋಗೋಣ" ಎಂದಿದ್ದಳು. ಆಸ್ಪತ್ರೆಯ ಸಾಲಿನಲ್ಲಿ ತಾನೂ ನಿಂತಿದ್ದಳು. ದ್ರಾವಣ ಸೋಸಲು ಇಟ್ಟಿದ್ದ ತೆಳು ಬಟ್ಟೆಯ ಥಾನಿನಿಂದ ಕತ್ತರಿಸಿ, ಪದರದ ಮೇಲೆ ಪದರವಿಟ್ಟು, ಇಡೀ ತಂಡಕ್ಕೆ ಮುಸುಕು ಹೊಲಿದು ಕೊಟ್ಟಿದ್ದಳು. ಹೊಲಿಗೆ ಸೊಟ್ಟಗಿತ್ತು. ಆದರೆ ಕೆಮ್ಮು ಇಳಿಯಿತು. ಈಗ ಮೇಸ್ತ್ರಿಯಕ್ಕ ಕಾಲು ಚಾಚಿ ಮಲಗುತ್ತಿದ್ದಳು.

"ಬೇರೆಯವರು ಊಟ ಹಾಕ್ತಾರೆ, ಬಟ್ಟೆ ಕೊಡ್ತಾರೆ. ನಿದ್ದೆ ಕೊಟ್ಟೋರನ್ನ ನಾನು ನೋಡಿರ್ಲಿಲ್ಲ. ಈ ಋಣ ಹೇಗೆ ತೀರ್ಸೋದೋ," ಎಂದು ಅವಳು ಆಗಾಗ ಅನ್ನುತ್ತಿದ್ದಳು.

ವಿಜ್ಞಾನಿಯ ಕೆಲಸವೆಲ್ಲ ಶಿಲೀಂಧ್ರದ ಮೇಲೆ. ಶಿಲೀಂಧ್ರವೆಂದರೆ ಹೆಂಗಸರ ಲೆಕ್ಕದಲ್ಲಿ ಬೂಷ್ಟು. ಎದುರಿಗೆ 'ಮೇಡಂ', ಹಿಂದೆ 'ಬೂಷ್ಟಿನಮ್ಮ'. ಅದು ಅವಳಿಗೂ ಗೊತ್ತಿತ್ತು.

ಹೊಲದ ಆಚೆ ಬದಿಗೆ ಬೂಷ್ಟಿನಮ್ಮನ ಬಲೆಮನೆ ಇತ್ತು. ಕಬ್ಬಿಣದ ಕಂಬಗಳಿಗೆ ಸಣ್ಣ ಕಣ್ಣಿನ ಬಲೆ ಹೊದಿಸಿದ, ಒಂದರ ಹಿಂದೆ ಒಂದು ಎರಡು ಬಾಗಿಲಿನ ಮನೆ. ಒಳಗೆ ಪಾತಿ ಪಾತಿಯಾಗಿ ಕಬ್ಬು. ಒಂದೊಂದು ಪಾತಿಯ ತಲೆಗೂ ತಗಡಿನ ಚೂರು ನೆಟ್ಟು ಒಂದು ಸಂಖ್ಯೆ ಬರೆದಿತ್ತು. ತನ್ನ ಒಡಹುಟ್ಟಿದ ಅಕ್ಕನ ಹೆರಿಗೆಗೆಂದು ಅವಳು ಒಂದು ವಾರ ರಜೆ ಹಾಕಿ ಹೋಗಿದ್ದಳು. ನೀರು ಬಿಡಲು ಬೀಗದ ಕೈಯನ್ನು ಕಾವಲಿನ ಅಜ್ಜನಿಗೆ ಕೊಟ್ಟಿದ್ದಳು.

ಆ ದಿನ ಡ್ರಮ್ಮಿನ ಕೆಳಗೆ ಸೌದೆ ಒಟ್ಟುತ್ತಿದ್ದ ಮೇಸ್ತ್ರಿಯಕ್ಕ ಸುಮ್ಮನೆ ಅತ್ತ ನೋಡಿದಳು. ಬಲೆಯ ಒಳಗೆ ಏನೋ ಕಪ್ಪಗೆ ಕಂಡಿತು. ಹತ್ತಿರ ಹೋಗಿ ಬಲೆಗೆ ಮುಖ ಒತ್ತಿ ನೋಡಿದಳು. ಒಂದಲ್ಲ, ಎರಡಲ್ಲ, ಪಾತಿಯ ತುಂಬ ಚಾಟಿಗಳು. ಕೆಲವು ಇನ್ನೂ ಬೆಳ್ಳಿ ಪೊರೆಯಲ್ಲಿ, ಕೆಲವು ಆಗಲೇ ಬಿರಿಯಲು ಹವಣಿಸುತ್ತಿದ್ದವು.

"ಅಯ್ಯೋ ದೇವರೇ, ಮೇಡಂ ಮನೆಗೇ ಬಂದುಬಿಡ್ತಲ್ಲೇ," ಎಂದು ಕೂಗಿದಳು. ನಾದಿನಿ ಓಡಿ ಬಂದಳು, ಅವಳ ಹಿಂದೆ ಉಳಿದವರು.

"ಮುಂದಿನ ವಾರ ದೊಡ್ಡ ಸಾಹೇಬರು ನೋಡೋಕೆ ಬರ್ತಾರಂತೆ. ಈ ಮನೆ ಮೇಡಂಗೇ ಬಿಡ್ಬೇಕೋ, ಬೇರೆಯವರಿಗೆ ಕೊಡ್ಬೇಕೋ ಅಂತ ತೀರ್ಮಾನ ಮಾಡ್ತಾರಂತೆ," ಎಂದಳು ನಾದಿನಿ. ಕೇಂದ್ರದ ಸುದ್ದಿಯೆಲ್ಲ ಮೊದಲು ಅವಳ ಕಿವಿಗೇ ಬೀಳುತ್ತಿತ್ತು.

"ಈ ಅವತಾರ ನೋಡಿದ್ರೆ ಮೇಡಂ ಕಥೆ ಮುಗೀತು," ಎಂದಳು ಹಿಂದೆ ನಿಂತಿದ್ದವಳೊಬ್ಬಳು.

ಮೇಸ್ತ್ರಿಯಕ್ಕ ಹೆಚ್ಚು ಯೋಚಿಸಲಿಲ್ಲ. ಕಾವಲಿನ ಅಜ್ಜನ ಮುಂದೆ ಹೋಗಿ ಕೈ ಚಾಚಿದಳು.

"ಬೀಗದ ಕೈ ಕೊಡು ಅಜ್ಜ."

"ಯಾರನ್ನೂ ಒಳಗೆ ಬಿಡಬೇಡ ಅಂದಿದ್ದಾರೆ ಮೇಡಂ."

"ನಾವು ಯಾರೋ ಏನಜ್ಜ? ಮನೆಗೆ ಬೆಂಕಿ ಬಿದ್ದಾಗ ಬೀಗದ ಕಾನೂನು ಹೇಳ್ತಾ ಕೂತ್ಕೋತೀಯಾ?"

ಅಜ್ಜ ಬಲೆಮನೆಯ ಕಡೆ ಒಮ್ಮೆ, ಹಾರೆ ಹಿಡಿದು ನಿಂತ ಹೆಂಗಸರ ಕಡೆ ಒಮ್ಮೆ ನೋಡಿ, ಬೀಗದ ಕೈ ತೆಗೆದು ಕೊಟ್ಟ.

ಮರುದಿನ ಬೆಳಗ್ಗೆ, ಕೇಂದ್ರದ ಕೆಲಸಕ್ಕೆ ಹಾಜರಿ ಹಾಕುವ ಮೊದಲು, ಅವರು ಬಲೆಮನೆ ಹೊಕ್ಕರು. ಒಂದು ಚಾಟಿಯೂ ಬಿರಿಯದ ಹಾಗೆ ಚೀಲ ತೊಡಿಸಿದರು. ಒಂದು ಬೇರೂ ಉಳಿಯದ ಹಾಗೆ ಬುಡ ಎತ್ತಿದರು. ರೋಗವಿಲ್ಲದ ಕಬ್ಬಿನ ಎಲೆ ಕೂಡ ತುಳಿಯಲಿಲ್ಲ. ಕಡೆಗೆ ಪಾತಿಯ ದಾರಿಯನ್ನೂ ಗುಡಿಸಿದರು. ಕೀಳುವುದರಲ್ಲಿ ಇವರಷ್ಟು ಚೊಕ್ಕ ಕೆಲಸದವರು ಸುತ್ತಮುತ್ತ ಎಲ್ಲೂ ಇರಲಿಲ್ಲ.

*

ಬೂಷ್ಟಿನಮ್ಮ ರಜೆ ಮುಗಿಸಿ ಬಂದಾಗ ಹೆಂಗಸರೆಲ್ಲ ಗೇಟಿನ ಹತ್ತಿರವೇ ನಿಂತಿದ್ದರು.

"ಅಕ್ಕನಿಗೆ ಏನಾಯ್ತು ಮೇಡಂ?"

"ಹೆಣ್ಣು ಮಗು. ಇಬ್ಬರೂ ಚೆನ್ನಾಗಿದ್ದಾರೆ."

"ಒಳ್ಳೇದಾಯ್ತು. ಇಲ್ಲೂ ಒಂದು ಒಳ್ಳೇ ಸುದ್ದಿ ಇದೆ, ಬನ್ನಿ," ಎಂದು ಮೇಸ್ತ್ರಿಯಕ್ಕ ಮುಂದೆ ನಡೆದಳು. ಬಲೆಮನೆಯ ಎರಡೂ ಬಾಗಿಲು ತೆರೆದು, ಒಳಗೆ ಮಾಡಿದ್ದನ್ನೆಲ್ಲ ಹೇಳುತ್ತ, ಕೈ ಬೀಸಿ ತೋರಿಸಿದಳು.

ಬೂಷ್ಟಿನಮ್ಮ ನೋಡಿದಳು. ಚಾಟಿಗಳಿರಲಿಲ್ಲ. ನಾಲ್ಕು ತಿಂಗಳಿಂದ ಅವಳು ಕಾದಿದ್ದ ಚಾಟಿಗಳು. ಅವುಗಳನ್ನು ಎಣಿಸಿ, ಅಳೆದು, ಯಾವ ಪಾತಿಯಲ್ಲಿ ಎಷ್ಟು ಎಂದು ಗುರುತು ಮಾಡಿ, ದೊಡ್ಡ ಸಾಹೇಬರ ಮುಂದೆ ಇಡಬೇಕಾಗಿತ್ತು. ಅವಳ ಮಾತು ನಿಜವೋ ಸುಳ್ಳೋ ಎಂದು ಹೇಳಲು ಇದ್ದದ್ದು ಆ ಚಾಟಿಗಳೊಂದೇ. ಅವಳ ಕಣ್ಣು ತುಂಬಿಬಂತು.

"ಅಳ್ಬೇಡಿ ಮೇಡಂ. ಎಲ್ಲ ಕಿತ್ತಾಯ್ತು, ಎಲ್ಲ ಬೇಯ್ಸಿ ಆಯ್ತು. ಸಾಹೇಬರಿಗೆ ಒಂದು ಚೂರೂ ಗೊತ್ತಾಗಲ್ಲ," ಎಂದಳು ಮೇಸ್ತ್ರಿಯಕ್ಕ. "ನೀವು ನಂಗೆ ನಿದ್ದೆ ಕೊಟ್ರಿ. ನಾವು ನಮ್ಮ ಒಂದು ಬೆಳಗು ಕೊಟ್ವಿ, ಅಷ್ಟೇ."

"ತುಂಬಾ ಉಪಕಾರ ಆಯ್ತಕ್ಕ," ಎಂದಳು ಬೂಷ್ಟಿನಮ್ಮ. ಆ ಮುಖಗಳನ್ನು ನೋಡಿದರೆ ಬೇರೆ ಮಾತು ಆಡುವಂತಿರಲಿಲ್ಲ.

ತನ್ನ ಕೋಣೆಗೆ ಹೋಗಿ ಕೂತಳು. ಸಾಹೇಬರು ಬರುವುದು ನಾಡಿದ್ದು. ಯಾರನ್ನು ಬೈಯುವುದು? ಕಾಡಿಗೆಯಿಂದ ಎದೆ ಹಾಳಾದ ಹೆಂಗಸಿಗೆ 'ನಾನೇ ಕಾಡಿಗೆ ಬೆಳೆಸುತ್ತಿದ್ದೇನೆ' ಎಂದು ಹೇಳಲು ನಾಚಿಕೊಂಡು ಸುಮ್ಮನಿದ್ದವಳು ತಾನು. ಒಂದು ಮಾತು ಹೇಳಿದ್ದರೆ ಅವರು ಬಲೆಮನೆಯ ಹತ್ತಿರ ಸುಳಿಯುತ್ತಿರಲಿಲ್ಲ.

ಮೇಜಿನ ಮೇಲೆ ಹಳೆಯ ಗಾಜಿನ ತಟ್ಟೆಯೊಂದಿತ್ತು. ಇದ್ದಿಲ ಪುಡಿ ಬೆರೆಸಿದ ಕಪ್ಪು ಅಗರ್ ಲೋಳೆಯ ಮೇಲೆ ಎರಡು ಹನಿ ಶಿಲೀಂಧ್ರ. ಒಂದು ಹನಿಯ ಮೇಲೆ ಬಿಳಿಯ ತುಪ್ಪಳ ಬೆಳೆದಿತ್ತು. ಇನ್ನೊಂದು, ಅವಳು ಒಂದು ಜೀನ್ ತೆಗೆದುಹಾಕಿದ್ದು, ಎಣ್ಣೆಯ ಹನಿಯಂತೆ ನುಣ್ಣಗೆ ಉಳಿದಿತ್ತು. ಆ ಜೀನ್ ಇಲ್ಲದಿದ್ದರೆ ರೋಗವೂ ಇಲ್ಲ ಎಂಬ ಅವಳ ಮಾತು ತಟ್ಟೆಯಲ್ಲಿ ನಿಜವಾಗಿತ್ತು. ಆದರೆ ರೈತ ಬೆಳೆಯುವುದು ತಟ್ಟೆಯಲ್ಲಲ್ಲ. ಕಬ್ಬು ಹೂಂ ಅನ್ನುವವರೆಗೆ ಯಾರೂ ನಂಬುವುದಿಲ್ಲ.

ಮಧ್ಯಾಹ್ನ ಮನಸ್ಸು ತಡೆಯದೆ ಮತ್ತೆ ಬಲೆಮನೆಗೆ ಹೋದಳು. ಉಳಿದದ್ದನ್ನಾದರೂ ನೋಡೋಣವೆಂದು. ಬಾಗಿಲಲ್ಲಿ ನಿಂತು ಈ ಸಲ ಅವಳು ಕಬ್ಬನ್ನು ನೋಡಲಿಲ್ಲ, ನೆಲವನ್ನು ನೋಡಿದಳು.

ಮೊದಲ ಪಾತಿಯಲ್ಲಿ ಗುಂಡಿಯೋ ಗುಂಡಿ. ಎರಡನೆಯದರಲ್ಲಿ ಒಂದೂ ಇಲ್ಲ, ಕಬ್ಬು ಮದುವೆಮನೆ ಚಪ್ಪರದಂತೆ ತುಂಬಿ ನಿಂತಿತ್ತು. ಮೂರನೆಯದರಲ್ಲೂ ಇಲ್ಲ. ನಾಲ್ಕನೆಯದು ಹಲ್ಲುದುರಿದ ಬಾಯಿ. ಅವಳು ಬೇಗ ಬೇಗ ನಡೆದಳು. ತಗಡಿನ ಸಂಖ್ಯೆಗಳ ಅರ್ಥ ಅವಳಿಗೆ ಬಾಯಿಪಾಠ. ಯಾವ ಪಾತಿಗೆ ಎರಡು ಬಗೆಯ ಶಿಲೀಂಧ್ರದ ಪೂರ್ತಿ ಜೋಡಿಯನ್ನು ಹಾಕಿದ್ದಳೋ ಅಲ್ಲೆಲ್ಲ ಗುಂಡಿಗಳು. ಯಾವ ಪಾತಿಗೆ ಜೀನ್ ತೆಗೆದ ಜೋಡಿಯನ್ನು ಹಾಕಿದ್ದಳೋ ಅಲ್ಲಿ ಮಣ್ಣು ಅಲುಗಿರಲಿಲ್ಲ. ಹೆಂಗಸರಿಗೆ ಯಾವುದು ಯಾವುದೆಂದು ಗೊತ್ತಿರಲಿಲ್ಲ. ರೋಗ ಕಂಡಲ್ಲಿ ಕಿತ್ತಿದ್ದರು, ಕಾಣದಲ್ಲಿ ಬಿಟ್ಟಿದ್ದರು.

ಅವಳು ಗುಂಡಿಗಳನ್ನು ಎಣಿಸುತ್ತ ಮುಂದೆ ನಡೆದಳು. ಕಡೆಯ ಪಾತಿಯ ಹತ್ತಿರ ಬಂದಾಗ ಮಾತ್ರ ನಿಂತುಬಿಟ್ಟಳು. ಅದು ಜೀನ್ ತೆಗೆದ ಪಾತಿ. ಅದರ ನಟ್ಟ ನಡುವೆ ಒಂದು ಗುಂಡಿ ಇತ್ತು.

ಒಂದೇ ಒಂದು. ಆದರೆ ಅಲ್ಲಿಂದ ಎತ್ತಿದ್ದು ಚಾಟಿಯೇ ಆಗಿದ್ದರೆ ಅವಳ ಮಾತು ಬಿದ್ದುಹೋದಂತೆ.

*

ಮೇಸ್ತ್ರಿಯಕ್ಕ ಮತ್ತು ನಾದಿನಿ ಡ್ರಮ್ಮಿನ ಹತ್ತಿರ ಕೂತು ಹಾರೆಗೆ ಅಂಟಿದ ಮಣ್ಣು ಕೆರೆಯುತ್ತಿದ್ದರು. ಬೂಷ್ಟಿನಮ್ಮ ಅವರ ಎದುರು ನೆಲದ ಮೇಲೆಯೇ ಕೂತಳು.

"ಅಕ್ಕ, ಒಂದು ವಿಷಯ ಹೇಳ್ಬೇಕು. ಆ ರೋಗ ಬಂದಿದ್ದಲ್ಲ. ನಾನೇ ಹಾಕಿದ್ದು."

"ಹಾಕಿದ್ದು ಅಂದ್ರೆ?"

"ನಾಟಿಗೆ ಮುಂಚೆ ಕಬ್ಬಿನ ಕಣ್ಣಿಗೆ ಸೂಜೀಲಿ ಚುಚ್ಚಿದ್ದೆ."

ಮೇಸ್ತ್ರಿಯಕ್ಕನ ಕೈ ನಿಂತಿತು. "ನನ್ನ ಎದೆ ಹಿಂಡಿತಲ್ಲ, ಆ ಕಾಡಿಗೆನಾ?"

"ಅದೇ."

"ಹಾವಿಗೆ ಹಾಲೆರೆದ ಹಾಗಾಯ್ತಲ್ಲ ಮೇಡಂ!" ಎಂದಳು ನಾದಿನಿ.

"ಮೊದಲೇ ಹೇಳ್ಬೇಕಿತ್ತು. ಹೇಳೋಕೆ ಮುಖ ಇರಲಿಲ್ಲ. ತಪ್ಪಾಯ್ತು."

ಮೇಸ್ತ್ರಿಯಕ್ಕ ಹಾರೆಯನ್ನು ನೆಲಕ್ಕಿಟ್ಟಳು. ಆಮೇಲೆ, "ಯಾಕೆ ಹಾಕಿದ್ರಿ, ಅದನ್ನಾದ್ರೂ ಹೇಳಿ," ಎಂದಳು. ದನಿಯಲ್ಲಿ ಕೋಪಕ್ಕಿಂತ ನೋವಿತ್ತು.

ಬೂಷ್ಟಿನಮ್ಮ ಹೇಳಿದಳು. "ಈ ಕಪ್ಪು ಪುಡಿ ತೇವ ಕಂಡಾಗ ಮೊಳೆಯುತ್ತೆ. ಆಗ ಅದರಿಂದ ಎರಡು ಪಂಗಡದ ಸಣ್ಣ ಸಣ್ಣ ಕಣ ಹುಟ್ತವೆ. ಒಂದೊಂದೇ ಇದ್ರೆ ಎರಡೂ ಸಾಧು. ಕಬ್ಬಿಗೆ ಏನೂ ಮಾಡಲ್ಲ. ಹಿಟ್ಟು ಉಬ್ಬಿಸ್ತಾರಲ್ಲ ಯೀಸ್ಟು, ಆ ಥರ ಬಿದ್ದಿರ್ತವೆ. ಎರಡು ಪಂಗಡದವೂ ಕೂಡಿ ಒಂದಾದ್ರೆ ಮಾತ್ರ ಕಬ್ಬಿನ ಒಳಗೆ ನುಗ್ಗೋ ಶಕ್ತಿ ಬರುತ್ತೆ."

"ನನ್ನ ಅತ್ತೆ, ಈ ನಾದಿನಿ ಇದ್ದ ಹಾಗೆ," ಎಂದಳು ಮೇಸ್ತ್ರಿಯಕ್ಕ ತಲೆಯೆತ್ತದೆ. "ಒಬ್ಬೊಬ್ಬರೇ ಇದ್ರೆ ಇಬ್ಬರೂ ಸಾಧು."

"ನೋಡಿ ಮೇಡಂ, ಬೂಷ್ಟಿನ ಮಾತಲ್ಲೂ ನನ್ನನ್ನ ಎಳೀತಾಳೆ!" ಎಂದಳು ನಾದಿನಿ. ಮೂವರೂ ನಕ್ಕರು. ಬೂಷ್ಟಿನಮ್ಮನಿಗೆ ಆ ನಗುವಿನಿಂದ ಹೋದ ಉಸಿರು ಬಂದಂತಾಯಿತು.

"ಕಣ್ಣಿಲ್ಲ, ಕಾಲಿಲ್ಲ. ಒಂದನ್ನೊಂದು ಹೇಗೆ ಹುಡುಕ್ತವೆ?" ಮೇಸ್ತ್ರಿಯಕ್ಕ ಈಗ ನೇರ ನೋಡಿ ಕೇಳಿದಳು.

"ವಾಸನೆ ಥರ ಒಂದು ಬಿಡ್ತವೆ. ನಮ್ಮ ಮೂಗಿಗೆ ಬರೋದಲ್ಲ. ಫೆರೊಮೋನ್ ಅಂತಾರೆ. 'ನಾನು ಇಲ್ಲಿದ್ದೀನಿ, ಬಾ' ಅಂತ ಕರೆಯೋದು. ಅದು ತಾಕಿದ ಕೂಡ್ಲೆ ಆಚೆ ಪಂಗಡದ್ದು ಇತ್ತ ಕಡೆ ಕೊಂಬೆ ಚಾಚುತ್ತೆ. ಆ ಕರೆ ತಯಾರಿಸೋಕೆ ಒಂದು ಜೀನ್ ಇದೆ. ನಾನು ಒಂದು ಪಂಗಡದಿಂದ ಆ ಜೀನನ್ನೇ ತೆಗೆದುಹಾಕಿದ್ದೀನಿ. ಕರೆಯೇ ಇಲ್ಲ ಅಂದ್ರೆ ಇನ್ನೊಂದು ಬರೋದು ಹೇಗೆ? ಅರ್ಧ ಪಾತಿಗೆ ಸರಿಯಾದ ಜೋಡಿ ಹಾಕ್ದೆ. ಅರ್ಧಕ್ಕೆ ಕರೆ ಇಲ್ಲದ ಜೋಡಿ. ಅಲ್ಲಿ ಚಾಟಿ ಏಳ್ಬಾರದು. ಏಳದೇ ಇದ್ರೆ, ಮುಂದೊಂದು ದಿನ ಆ ಕರೇನ ತಡೆಯೋ ಔಷಧಿ ಹುಡುಕಬಹುದು."

"ಅಂದ್ರೆ ಕೂಡಿಬಂದ ಸಂಬಂಧ ತಪ್ಪಿಸೋ ಕೆಲಸ."

"ಹೌದಕ್ಕ."

"ಊರಲ್ಲಿ ಈ ಕೆಲಸ ಮಾಡೋರಿಗೆ ಶಾಪ ಹಾಕ್ತಾರೆ. ನಿಮಗೆ ಸಂಬಳ ಕೊಡ್ತಾರೆ," ಎಂದಳು ಮೇಸ್ತ್ರಿಯಕ್ಕ. ಆಮೇಲೆ ಅವಳ ಮುಖ ಇದ್ದಕ್ಕಿದ್ದಂತೆ ಕಳೆಗುಂದಿತು. "ಅಯ್ಯೋ. ಹಾಗಾದ್ರೆ ನಾವು ಕಿತ್ತಿದ್ದು..."

"ಅದನ್ನ ಬಿಡಿ ಅಕ್ಕ. ಗುಂಡಿಗಳೇ ಎಲ್ಲ ಹೇಳ್ತಿವೆ. ನೀವು ಅಷ್ಟು ಚೊಕ್ಕವಾಗಿ ಕಿತ್ತಿದ್ದಕ್ಕೇ ಹೇಳ್ತಿವೆ. ಒಂದು ಗುಂಡಿ ಮಾತ್ರ ಅರ್ಥ ಆಗ್ತಿಲ್ಲ. ಕಡೇ ಪಾತಿ ನಡುವೆ ಇರೋದು. ಅಲ್ಲೂ ಚಾಟಿ ಇತ್ತಾ?"

ಮೇಸ್ತ್ರಿಯಕ್ಕ ನಾದಿನಿಯನ್ನು ನೋಡಿದಳು. ಕಡೆಯ ಪಾತಿ ನಾದಿನಿಯ ಪಾಲಿಗೆ ಬಂದದ್ದು.

"ಚಾಟಿ ಇದ್ದ ನೆನಪಿಲ್ಲ," ಎಂದಳು ನಾದಿನಿ, ಉಗುರು ಕಚ್ಚುತ್ತ. "ಸುಳಿ ಒಣಗಿತ್ತು. ಮೇಡಂ ಪಾತೀಲಿ ಒಣಗಿದ್ದು ಯಾಕಿರ್ಬೇಕು ಅಂತ ಎತ್ತಿಬಿಟ್ಟೆ. ಚಾಟಿ ಇತ್ತೋ ಇಲ್ವೋ ಅಂತ ಆಣೆ ಇಟ್ಟು ಹೇಳು ಅಂದ್ರೆ ಹೇಳಲಾರೆ."

ಆಣೆ ಇಟ್ಟು ಹೇಳಲಾರೆ ಎಂದದ್ದೇ ಬೂಷ್ಟಿನಮ್ಮನಿಗೆ ಮೆಚ್ಚುಗೆಯಾಯಿತು. ತನ್ನನ್ನು ಸಮಾಧಾನ ಮಾಡಲೆಂದು 'ಇರಲಿಲ್ಲ' ಅಂದುಬಿಡಬಹುದಿತ್ತು.

"ಕಿತ್ತಿದ್ದೆಲ್ಲ ಎಲ್ಲಿದೆ? ಹೂಳಿಬಿಟ್ರಾ?"

"ಹೊಂಡ ತೋಡೋದು ಶನಿವಾರ. ಅಲ್ಲೇ ಸೋರ್ತಾ ಇದೆ," ಎಂದು ಮೇಸ್ತ್ರಿಯಕ್ಕ ಡ್ರಮ್ಮಿನ ಹಿಂದಿನ ಚೀಲಗಳ ಕಡೆ ಕೈ ತೋರಿಸಿದಳು. "ಆದ್ರೆ ಎಲ್ಲ ಬೆಂದುಹೋಗಿದೆ ಮೇಡಂ. ಅದರಲ್ಲಿ ಇನ್ನೇನು ಸಿಗುತ್ತೆ?"

ಬೂಷ್ಟಿನಮ್ಮ ಎದ್ದು ನಿಂತಳು. ಪ್ರಯೋಗಾಲಯದಲ್ಲಿ ದಿನವೂ ಅವಳು ಮಾಡುವುದೂ ಅದೇ: ಚಿಟಿಕೆಯಷ್ಟು ಶಿಲೀಂಧ್ರವನ್ನು ಬೆರಳುದ್ದದ ನಳಿಕೆಯಲ್ಲಿ ಕುದಿಸುವುದು. ಕುದಿಸಿದರೆ ಜೀವ ಹೋಗುತ್ತದೆ. ಜೀನ್ ಉಳಿಯುತ್ತದೆ.

"ಬೇಕಾದ್ದೆಲ್ಲ ಸಿಗುತ್ತೆ ಅಕ್ಕ. ನನ್ನ ಅರ್ಧ ಕೆಲಸ ನೀವೇ ಮುಗಿಸಿದ್ದೀರ."

ಮೂವರೂ ಸೇರಿ ಚೀಲಗಳನ್ನು ಬಿಚ್ಚಿ ಸುರಿದರು. ಬೆಂದ ಕಬ್ಬಿನ ಸಿಹಿಯೂ ಕೊಳೆತ ಎಲೆಯ ವಾಸನೆಯೂ ಒಟ್ಟಿಗೆ ಎದ್ದವು. ಯಾವ ಬುಡ ಯಾವ ಪಾತಿಯದು ಎಂಬುದು ಈಗ ಬ್ರಹ್ಮನಿಗೂ ಗೊತ್ತಾಗುವಂತಿರಲಿಲ್ಲ. ಆದರೆ ಅದು ಗೊತ್ತಾಗುವ ಅಗತ್ಯವೂ ಇರಲಿಲ್ಲ. ಜೀನ್ ತೆಗೆದ ಜಾಗದಲ್ಲಿ ಅವಳು ಗುರುತಿಗೆಂದು ಬೇರೊಂದು ಜೀನಿನ ತುಂಡು ಸೇರಿಸಿದ್ದಳು. ಆ ಪಂಗಡದಿಂದ ಒಂದೇ ಒಂದು ಚಾಟಿ ಹುಟ್ಟಿದ್ದರೂ ಗುರುತು ಅದರಲ್ಲಿ ಸಿಕ್ಕಿಯೇ ಸಿಗಬೇಕು. ಅವಳು ಪ್ರತಿ ಚಾಟಿಯಿಂದಲೂ ಚೂರು ಚೂರು ಕತ್ತರಿಸಿಕೊಂಡಳು.

ನಾದಿನಿ ರಾಶಿಯ ತಳದಿಂದ ಚಾಟಿಯಿಲ್ಲದ ಒಂದು ಬುಡವನ್ನು ಎಳೆದಳು. ಒಣಗಿದ ಸುಳಿ ಅವಳ ಕೈಗೇ ಕಳಚಿ ಬಂತು. ಕಾಂಡದಲ್ಲಿ ಒಂದು ತೂತು. ತೂತಿನೊಳಗೆ ಬೆಳ್ಳಗೆ ಬೆಂದ ಹುಳು.

"ಇದೇ ಇರ್ಬೇಕು ಮೇಡಂ. ಕಾಂಡ ಕೊರೆಯೋ ಹುಳ."

"ಪಾಪ, ಹುಳೂಗೂ ಬಿಸಿನೀರು ಸ್ನಾನ ಮಾಡ್ಸಿದ್ದೀಯಲ್ಲೇ," ಎಂದಳು ಮೇಸ್ತ್ರಿಯಕ್ಕ.

ಬೂಷ್ಟಿನಮ್ಮ ನಕ್ಕರೂ ಆ ಬುಡವನ್ನು ಬೇರೆ ಚೀಲಕ್ಕೆ ಹಾಕಿ ಗುರುತು ಹಾಕಿದಳು. ಹುಳು ಇದ್ದರೆ ರೋಗ ಇರಲಿಲ್ಲವೆಂದು ಅರ್ಥವಲ್ಲ.

*

ಮರುದಿನ ಸಂಜೆಯ ಹೊತ್ತಿಗೆ ಉತ್ತರ ಬಂತು. ಮೇಸ್ತ್ರಿಯಕ್ಕ ಪ್ರಯೋಗಾಲಯದ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಬರಲೋ ಬೇಡವೋ ಎಂದು ನಿಂತಿದ್ದಳು. ಬೂಷ್ಟಿನಮ್ಮ ಅವಳ ಕೈ ಹಿಡಿದು ಕರೆತಂದು ನೇರಳೆ ದೀಪದ ಪೆಟ್ಟಿಗೆಯ ಮುಂದೆ ನಿಲ್ಲಿಸಿದಳು. ಒಳಗೆ ತೆಳ್ಳಗಿನ ಜೆಲ್ಲಿನ ಹಾಳೆ. ಅದರ ಮೇಲೆ ಹೊಳೆಯುವ ಸಣ್ಣ ಸಣ್ಣ ಗೆರೆಗಳು.

"ಕರೆಯೋ ಜೀನ್ ಸರಿಯಾಗಿದ್ರೆ ಗೆರೆ ಕೆಳಗೆ ನಿಲ್ಲುತ್ತೆ. ನಾನು ತೆಗೆದು ಗುರುತು ಸೇರಿಸಿದ್ದಾದ್ರೆ ಮೇಲೆ ನಿಲ್ಲುತ್ತೆ. ಈ ತುದೀಲಿ ಹೋಲಿಸಿ ನೋಡೋಕೆ ಅಂತ ಎರಡನ್ನೂ ಹಾಕಿದ್ದೀನಿ, ನೋಡಿ. ಉಳಿದಿದ್ದೆಲ್ಲ ನೀವು ಕಿತ್ತ ಚಾಟಿಗಳು."

ಮೇಸ್ತ್ರಿಯಕ್ಕ ಬೆರಳಿಟ್ಟು ಒಂದೊಂದಾಗಿ ನೋಡಿದಳು. ಚಾಟಿಗಳ ಎಲ್ಲ ಗೆರೆಗಳೂ ನಾಟಿಯ ಸಾಲಿನಂತೆ ಕೆಳಗೇ ನಿಂತಿದ್ದವು. ಮೇಲೆ ಒಂದೂ ಇರಲಿಲ್ಲ.

"ಈ ಕಡೇದ್ರಲ್ಲಿ ಏನೂ ಕಾಣ್ತಿಲ್ಲ?"

"ಅದು ಹುಳ ತಿಂದ ಬುಡ. ಅದರ ಕಣ್ಣು, ಕಾಂಡ, ಸುಳಿ, ಎಲ್ಲ ನೋಡಿದೆ. ಕಾಡಿಗೆ ಇಲ್ಲವೇ ಇಲ್ಲ."

ಮೇಸ್ತ್ರಿಯಕ್ಕ ದೊಡ್ಡ ಉಸಿರೊಂದನ್ನು ಬಿಟ್ಟಳು. ಅವಳಿಗೆ ಅರ್ಥವಾದದ್ದು ಇಷ್ಟು: ತಾವು ಕಿತ್ತದ್ದರಿಂದ ಮೇಡಂ ಕೆಲಸ ಹಾಳಾಗಿರಲಿಲ್ಲ. "ಸದ್ಯ," ಎಂದು ಪೆಟ್ಟಿಗೆಗೇ ಕೈ ಮುಗಿದಳು.

ದೊಡ್ಡ ಸಾಹೇಬರು ಹೇಳಿದ ದಿನಕ್ಕೆ ಬಂದರು. ಬಲೆಮನೆಯಲ್ಲಿ ಎರಡು ಸುತ್ತು ನಡೆದರು. ಬೂಷ್ಟಿನಮ್ಮ ಒಂದನ್ನೂ ಮುಚ್ಚಿಡದೆ ನಡೆದದ್ದನ್ನು ನಡೆದಂತೆ ಹೇಳಿದಳು. ಕೇಳುತ್ತ ಅವರ ಹುಬ್ಬು ಮೇಲೇರಿತು. ಒಂದು ಗುಂಡಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತರು.

"ರೋಗ ನೋಡಿ ಕಿತ್ತವರಿಗೆ ಯಾವ ಪಾತಿ ಯಾವುದು ಅಂತ ಗೊತ್ತಿರಲಿಲ್ಲ?"

"ಇದು ಪ್ರಯೋಗ ಅಂತಲೇ ಗೊತ್ತಿರಲಿಲ್ಲ ಸರ್."

"ಒಳ್ಳೇದೇ ಆಯ್ತು. ನೀನೇ ಎಣಿಸಿದ್ದಿದ್ರೆ ನಾನು ಇನ್ನೂ ನಾಲ್ಕು ಪ್ರಶ್ನೆ ಕೇಳ್ತಿದ್ದೆ. ಹೆತ್ತವರಿಗೆ ಹೆಗ್ಗಣ ಮುದ್ದು," ಎಂದು ಎದ್ದು ಕೈ ಒರೆಸಿಕೊಂಡರು. "ಇನ್ನೊಂದು ವರ್ಷ ಇದೇ ಮನೇಲಿ ಮಾಡು. ಈ ಸಲ ಅವರಿಗೆ ಹೇಳಿ ಮಾಡು. ಯಾವ ಪಾತಿ ಯಾವುದು ಅನ್ನೋದೊಂದು ಬಿಟ್ಟು."

*

ಬೂಷ್ಟಿನಮ್ಮ ಹೊಲಕ್ಕೆ ಓಡಿದಳು. ಓಡಿದ್ದು ನೋಡಿಯೇ ಹೆಂಗಸರಿಗೆ ಸುದ್ದಿ ತಿಳಿಯಿತು. ಹಾರೆಗಳು ನೆಲಕ್ಕೆ ಬಿದ್ದವು.

"ನಿಮ್ಮ ಋಣ ನಾನು ಯಾವ ಜನ್ಮಕ್ಕೆ ತೀರ್ಸಲಿ," ಎಂದಳು ಅವಳು, ಏದುಸಿರಿನಲ್ಲಿ.

"ಇದೊಳ್ಳೇ ಕಥೆ!" ಎಂದಳು ಮೇಸ್ತ್ರಿಯಕ್ಕ. "ನಾವು ಬಂದಿದ್ದೇ ಋಣ ತೀರ್ಸೋಕೆ. ಈಗ ನೀವು ಋಣ ಅಂದ್ರೆ ಇದು ಮುಗಿಯೋದು ಯಾವಾಗ?"

"ಇಲ್ಲ ಅಕ್ಕ, ಏನಾದ್ರೂ ಕೇಳಿ. ನಿಜವಾಗ್ಲೂ ಹೇಳ್ತಿದ್ದೀನಿ."

ಮೇಸ್ತ್ರಿಯಕ್ಕ ಬೇಡವೆಂದು ತಲೆಯಾಡಿಸಿದಳು. ಆದರೆ ನಾದಿನಿ ಅಂಥ ಮಾತನ್ನು ಕೈಬಿಡುವವಳಲ್ಲ.

"ಮುಯ್ಯಾಳು ಅಂತ ಕೇಳಿದ್ದೀರಾ ಮೇಡಂ? ನಿಮ್ಮ ಹೊಲಕ್ಕೆ ನಾನು ಬಂದ್ರೆ, ನನ್ನ ಹೊಲಕ್ಕೆ ನೀವು ಬರ್ಬೇಕು. ಕೂಲಿ ಇಲ್ಲ, ಲೆಕ್ಕ ಇಲ್ಲ. ಆಳಿಗೆ ಆಳು. ಅತ್ತಿಗೆ ಮನೆ ಹಿಂದೆ ಒಂದು ತುಂಡು ಕಬ್ಬಿದೆ. ಅದರಲ್ಲೂ ಕಾಡಿಗೆ ಎದ್ದಿದೆ. ಊರವರ ಹೊಲ ಎಲ್ಲ ಚೊಕ್ಕ ಮಾಡ್ತಾಳೆ, ತನ್ನದಕ್ಕೆ ಪುರುಸೊತ್ತಿಲ್ಲ."

"ಸುಮ್ನಿರೇ! ಮೇಡಂ ಕೈಯಲ್ಲಿ ಹಾರೆ ಹಿಡಿಸ್ತೀಯಾ?"

"ಹಿಡೀತೀನಿ. ನಾಳೆನೇ ಬರ್ತೀನಿ," ಎಂದಳು ಬೂಷ್ಟಿನಮ್ಮ.

ಬಂದಳು. ಮೇಸ್ತ್ರಿಯಕ್ಕನ ಮನೆಯ ಹಿತ್ತಿಲು ದಾಟಿದರೆ ಆ ತುಂಡು ಹೊಲ. ಇಬ್ಬನಿಯಿಂದ ಅವಳ ಬಟ್ಟೆ ಮೊಣಕಾಲಿನವರೆಗೆ ನೆನೆಯಿತು. ಅವಳ ಪಾಲಿಗೆ ಬೇಲಿಯ ಪಕ್ಕದ ಸಾಲು ಕೊಟ್ಟರು; ಸುಲಭದ ಸಾಲೆಂದು ಹೇಳಿದರು. ಚೀಲ ತೊಡಿಸುವುದು ಅವಳಿಗೆ ಬೇಗ ಬಂತು, ಕೈ ಹಗುರವಿತ್ತು. ಹಾರೆ ಮಾತ್ರ ಮಾತು ಕೇಳಲಿಲ್ಲ. ಮೊದಲ ಬುಡವನ್ನು ಎತ್ತಲು ಹೋಗಿ ತಾನೇ ಹಿಂದಕ್ಕೆ ಬಿದ್ದಳು.

"ನೆಲ ನೋಡ್ಕೊಂಡು ಬೀಳಿ ಮೇಡಂ, ಅದು ನಮ್ಮದು!" ಎಂದಳು ನಾದಿನಿ.

"ಬುಡಕ್ಕೆ ಓರೆಯಾಗಿ ಹಾಕಿ. ನೆಟ್ಟಗೆ ಹಾಕಿದ್ರೆ ಬಾವಿ ತೋಡಿದ ಹಾಗಾಗುತ್ತೆ," ಎಂದಳು ಮೇಸ್ತ್ರಿಯಕ್ಕ.

ಎರಡನೆಯ ಬುಡ ಎದ್ದಿತು. ಮೂರನೆಯದು ಇನ್ನೂ ಸಲೀಸಾಗಿ ಎದ್ದಿತು. ಅಂಗೈಯಲ್ಲಿ ಬೊಬ್ಬೆ ಬಂದರೂ ಅವಳು ಹೇಳಲಿಲ್ಲ. ಪಕ್ಕದ ಸಾಲಿನಲ್ಲಿ ಮೇಸ್ತ್ರಿಯಕ್ಕ ಅತ್ತ ಇತ್ತ ನೋಡದೆ ಮುಂದೆ ಸಾಗುತ್ತಿದ್ದಳು. ಅವಳ ಉಸಿರು ನಿರಾಳವಾಗಿ ಬರುತ್ತಿತ್ತು. ಬೂಷ್ಟಿನಮ್ಮ ಒಂದು ಗಳಿಗೆ ಕೈ ನಿಲ್ಲಿಸಿ ಆ ಉಸಿರನ್ನು ಕೇಳಿದಳು.

ಬಿಸಿಲು ಬೇಲಿ ಹತ್ತಿತು. ಎಲೆಗಳು ಒಣಗತೊಡಗಿದವು. ಮೇಸ್ತ್ರಿಯಕ್ಕ ಸೊಂಟ ನೆಟ್ಟಗೆ ಮಾಡಿ, "ಸಾಕು, ಪುಡಿ ಹಾರುತ್ತೆ," ಎಂದು ಕೂಗಿದಳು. ಎಲ್ಲರೂ ಬದುವಿಗೆ ಬಂದರು. ಉಳಿದವರ ಸಾಲು ಮುಗಿದಿತ್ತು. ಬೇಲಿಯ ಪಕ್ಕದ ಸಾಲು ಅರ್ಧಕ್ಕೆ ನಿಂತಿತ್ತು.

ಬೂಷ್ಟಿನಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಹಾಗಾದ್ರೆ ಮುಯ್ಯಿ ತೀರಿತಾ ಅಕ್ಕ?"

ಮೇಸ್ತ್ರಿಯಕ್ಕ ಆ ಸಾಲನ್ನು ತುದಿಯಿಂದ ತುದಿಗೆ ನೋಡಿದಳು.

"ಅರ್ಧ ತೀರಿತು," ಎಂದಳು. "ಇನ್ನರ್ಧಕ್ಕೆ ನಾಳೆ ಬನ್ನಿ. ಈಗ ಕೈ ತೋರ್ಸಿ, ಬೊಬ್ಬೆಗೆ ಎಣ್ಣೆ ಹಚ್ತೀನಿ."